ಗಾಳಿಪಟ ಕುಲಾಸನೋ, ಸಿಡಿಲು ರೊಡೆಲನೋ

ಕಾರ್ದಿಂಗ್: ಅಲ್ಲ ಬೀಗರೇ, ಗಾಳಿಗೆ ಹಾರಿದ ಮನುಷ್ಯ ಕೆಳಗೆ ಇಳಿಯೋದನ್ನೇ ಮರೆತುಬಿಡೋದು ಅಂದ್ರೆ ಹುಡುಗಾಟವಾ? ಕುಲಾಸ್ ಮೊಂತೆಫಾಲ್ಕೊ ಚೆಂಡು ಹಿಡಿದು ನೆಗೆದ ಅಂದ್ರೆ, ತಡೆಯೋಕೆ ನಿಂತವನು ತಾನೂ ನೆಗೆದು, ಇಳಿದು, ಬೆವರು ಒರೆಸಿಕೊಂಡು ಮೇಲೆ ನೋಡಿದ್ರೆ ನಮ್ಮವನು ಇನ್ನೂ ಅಲ್ಲೇ! ಜನ ಸುಮ್ನೆ ಗಾಳಿಪಟ ಅಂತ ಕರೀತಿದ್ರಾ?

ಆಂದೊಯ್: ಮೊದಲು ನನ್ನನ್ನ ಬೀಗರೇ ಅನ್ನೋದು ನಿಲ್ಸಿ. ನೀವಿನ್ನೂ ಹೆಣ್ಣು ಕೇಳಿಲ್ಲ, ನಾನಿನ್ನೂ ಹೂಂ ಅಂದಿಲ್ಲ. ಆಮೇಲೆ ಇನ್ನೊಂದು. ನಿಮ್ಮ ಗಾಳಿಪಟ ಹಾರಿದ್ದು ಯಾರ ತಲೆ ಮೇಲೆ? ಹಗಲೆಲ್ಲ ಕಂಪನಿಯಲ್ಲಿ ಗುಮಾಸ್ತಿಕೆ ಮಾಡಿ, ಸಂಜೆ ಚಡ್ಡಿ ಏರಿಸಿಕೊಂಡು ಆಡೋಕೆ ಬರ್ತಿದ್ದವರ ತಲೆ ಮೇಲೆ. ಆ ಗುಮಾಸ್ತರ ತಲೆ ಮೇಲೆ ನಮ್ಮಜ್ಜಿನೂ ಹಾರ್ತಿದ್ಲು ಬಿಡಿ!

ಪೆರ್ಲಿತಾ ಗಂಡನ ಪಕ್ಕೆಗೆ ಮೊಣಕೈಯಿಂದ ಒಂದು ತಿವಿದಳು. ಕಾರ್ದಿಂಗ್ ಕೊಂಚ ಪಕ್ಕಕ್ಕೆ ಸರಿದು ಕೂತ, ಅಷ್ಟೇ. ಬಾಯಿ ಮುಚ್ಚಲಿಲ್ಲ.

ಬರುವಾಗ ದಾರಿಯುದ್ದಕ್ಕೂ ಆಣೆ ಹಾಕಿಸಿಕೊಂಡಿದ್ದಳು ಪಾಪ. ಸಾನ್ ಪಾಬ್ಲೊದಿಂದ ಲಿಲಿವ್‌ಗೆ ಬರುವ ಏರುದಾರಿಯಲ್ಲಿ, ಗಂಡನದೇ ಜೀಪ್ನಿ ಅನ್ನೋ ಸಣ್ಣ ಬಸ್ಸಿನಲ್ಲಿ, ತೊಡೆಯ ಮೇಲೆ ಪನ್ಸಿತ್ ನೂಡಲ್ಸಿನ ದೊಡ್ಡ ಪಾತ್ರೆ ಇಟ್ಟುಕೊಂಡು, "ಆಂದೊಯ್ ಮನೆಯಲ್ಲಿ ಬಾಸ್ಕೆಟ್‌ಬಾಲ್ ಅನ್ನೋ ಪದ ನಿಮ್ಮ ಬಾಯಿಂದ ಬಂದ್ರೆ ನನ್ನಾಣೆ" ಅಂದಿದ್ದಳು. ಕಾರ್ದಿಂಗ್ ಗಾಡಿಯ ಗಿಯರ್ ಹಿಡಿದು ಪ್ರಮಾಣ ಮಾಡಿದ್ದ. ಆದರೆ ಹೊಸಿಲು ದಾಟಿದವನ ಕಣ್ಣಿಗೆ ಮೊದಲು ಬಿದ್ದದ್ದೇ ಆ ಗೋಡೆ. ಊಟದ ಮೇಜಿನ ಮೇಲ್ಗಡೆ ಎಲ್ಲರ ಮನೆಯಲ್ಲೂ ಇರುವ ಹಾಗೆ ಯೇಸುವಿನ ಕೊನೆಯ ಊಟದ ಚಿತ್ರ. ಅದರ ಪಕ್ಕದಲ್ಲಿ, ಅದಕ್ಕಿಂತ ಒಂದು ಗೇಣು ದೊಡ್ಡದಾಗಿ, ಆಂದೊಯ್ ಆರಾಧಿಸುವ ಆಟಗಾರ ಸಿಡಿಲು ರೊಡೆಲ್ ಅಬ್ರೆನಿಕಾನ ಫೋಟೋ. ಕಾರ್ದಿಂಗನ ಜೀಪ್ನಿಯ ಹಣೆಯ ಮೇಲೆ ಕುಲಾಸನ ಚಿತ್ರ ಬರೆಸಿ ಎಷ್ಟೋ ವರ್ಷವಾಗಿದೆ. ಅಂಥವನು ಈ ಗೋಡೆಯ ಕೆಳಗೆ ಸುಮ್ಮನೆ ಕೂರುವುದುಂಟೇ?

ಪೆರ್ಲಿತಾಳ ಭಯ ಗಂಡನ ಬಾಯಿಯದ್ದಷ್ಟೇ ಅಲ್ಲ. ಸೋಫಾದ ತುದಿಯಲ್ಲಿ ಇಸ್ತ್ರಿ ಮಾಡಿದ ಬಾರೊಂಗ್ ಅಂಗಿ ತೊಟ್ಟು, ಎರಡೂ ಕೈ ಮಂಡಿಯ ಮೇಲಿಟ್ಟು ಕೂತಿದ್ದ ಮಗ ಜೆರ್ವಿನ್‌ನದೂ. ಚಿನ್ನದಂಥ ಹುಡುಗ. ಬೇಕರಿಯಲ್ಲಿ ಅವನು ಮಾಡುವ ಬನ್ನಿಗೆ ಊರೇ ಸಾಲು ನಿಲ್ಲುತ್ತದೆ. ಆದರೆ ಬಾಸ್ಕೆಟ್‌ಬಾಲಿನ ಗಂಧಗಾಳಿಯೂ ಇಲ್ಲ. ಇತ್ತ ಆಂದೊಯ್ ಎಂಥವನು ಗೊತ್ತಲ್ಲ: ಮಗಳು ಲಿಗಾಯಳನ್ನು ಕೇಳಲು ಬಂದಿದ್ದ ಔಷಧಿ ಅಂಗಡಿಯ ಹುಡುಗ ಮಾತಿಗೆ ಮಾತು ಬಂದು "ಒಂದು ತಂಡಕ್ಕೆ ಎಷ್ಟು ಜನ?" ಅಂದುಬಿಟ್ಟನಂತೆ, ಕಾಫಿ ತರುವಷ್ಟರಲ್ಲಿ ಅವನನ್ನು ಗೇಟಿನ ಹೊರಗೆ ಬಿಟ್ಟು ಬಂದಿದ್ದ ಮಹಾನುಭಾವ. "ಆಟ ಗೊತ್ತಿಲ್ಲದವನಿಗೆ ಮಗಳನ್ನ ಕೊಡಲ್ಲ" ಅಂತ ತನ್ನ ಚಪ್ಪಲಿ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡಿದ್ದಾನೆ.

ಪೆರ್ಲಿತಾ: ರೀ, ಬಂದ ವಿಷಯ ಹೇಳಿ. ಪನ್ಸಿತ್ ಆರಿ ತಣ್ಣಗಾಗ್ತಿದೆ.

ಹೆಣ್ಣು ಕೇಳಲು ತಂದ ಊಟದ ಮುಚ್ಚಳ ತೆಗೆಯುವುದು ಹುಡುಗನ ಅಪ್ಪ ಬಾಯಿಬಿಟ್ಟು ಕೇಳಿ, ಹುಡುಗಿಯ ಅಪ್ಪ ಹೂಂ ಅಂದ ಮೇಲೇ. ಅಲ್ಲಿಯವರೆಗೆ ಮೇಜಿನ ಮೇಲೆ ಪಾತ್ರೆ, ಸುತ್ತ ಹಸಿದ ಹೊಟ್ಟೆಗಳು.

ಕಾರ್ದಿಂಗ್ (ಗಂಟಲು ಸರಿಮಾಡಿಕೊಂಡು, ಎದ್ದು ನಿಂತು): ಮಾನ್ಯರೇ, ತಮ್ಮ ಮನೆಯಂಗಳದಲ್ಲಿ ಅರಳಿರೋ ಮಲ್ಲಿಗೆಯ ಪರಿಮಳ ನಮ್ಮ ಸಾನ್ ಪಾಬ್ಲೊದವರೆಗೂ ಬಂದು, ನಮ್ಮ ಬಡ ಗುಡಿಸಲನ್ನ...

ಪೆರ್ಲಿತಾ: ಗುಡಿಸಲಲ್ಲ, ಹೆಂಚಿನ ಮನೆ. ಹೂಂ, ಮುಂದೆ ಹೇಳಿ.

ಕಾರ್ದಿಂಗ್: ...ಬಡ ಮನೆಯನ್ನ ಬೆಳಗಲಿ ಅಂತ, ಈ ದಿನ ತಲೆಬಾಗಿ... (ತಲೆ ಬಾಗುವ ಬದಲು ಮೇಲೆತ್ತಿ) ಅಲ್ಲಾ, ಈ ಫೋಟೋದಲ್ಲಿ ಇವನ ಕಾಲು ನೆಲದ ಮೇಲೇ ಇದೆಯಲ್ರೀ!

ಆಂದೊಯ್: ನಿಂತು ಎಸೀತಿದಾನೆ! ಕಣ್ಣು ಕಾಣ್ಸಲ್ವಾ? ಐದು ಅಡಿ ಏಳು ಅಂಗುಲದ ಮನುಷ್ಯ, ಆರೂವರೆ ಅಡಿಯವರ ಮಧ್ಯೆ ಸಿಡಿಲಿನ ಹಾಗೆ ನುಗ್ಗಿ ಬಂದು, ಗಕ್ಕಂತ ನಿಂತು ಎಸೀತಿದಾನೆ. ಹಾರೋದೇನು, ಸೊಳ್ಳೆನೂ ಹಾರತ್ತೆ.

ಕಾರ್ದಿಂಗ್: ಕುಲಾಸನ್ನ ಸೊಳ್ಳೆ ಅಂದ್ರಾ?

ಆಂದೊಯ್: ನಾನೆಲ್ಲಿ ಅಂದೆ? ನೀವೇ ಅಂದ್ರಿ.

ಕಾರ್ದಿಂಗ್: ಪೆರ್ಲಿ, ಕೇಳಿಸಿಕೊಂಡ್ಯಾ? ಕುಲಾಸನ್ನ ಸೊಳ್ಳೆ ಅಂದ್ರು!

ಪೆರ್ಲಿತಾ: ಕುಲಾಸ್ ಏನು ನಿಮ್ಮ ಚಿಕ್ಕಪ್ಪನಾ? ಕೂತ್ಕೊಳ್ಳಿ. ಅಲ್ಲಲ್ಲ, ಕೂರ್ಬೇಡಿ, ನಿಂತುಕೊಂಡೇ ಕೇಳಿಬಿಡಿ!

ಆದರೆ ಕಾರ್ದಿಂಗ್ ಈಗ ಹೆಣ್ಣು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಂಗಿಯ ತೋಳು ಮಡಿಸುತ್ತಿದ್ದ.

ಕಾರ್ದಿಂಗ್: ನೋಡಿ, ಒಂದು ಮಾತು ಹೇಳ್ತೀನಿ. ಆ ಕಾಲದಲ್ಲಿ ಮೊಣಕೈಯಿಂದ ಹಲ್ಲು ಉದುರಿಸಿದ್ರೂ ರೆಫರಿ ಸೀಟಿ ಊದ್ತಿರಲಿಲ್ಲ. ಕುಲಾಸ್ ಹಲ್ಲು ಜೇಬಿಗೆ ಹಾಕ್ಕೊಂಡು ಆಡ್ದೋನು. ನಿಮ್ಮ ರೊಡೆಲ್ ಪಕ್ಕದಲ್ಲಿ ಯಾರಾದ್ರೂ ಜೋರಾಗಿ ಸೀನಿದ್ರೂ ಅವನಿಗೆ ಎರಡು ಫ್ರೀ ಥ್ರೋ!

ಆಂದೊಯ್: ಅವರ ಚಡ್ಡಿಗೆ ಜೇಬೆಲ್ಲಿತ್ತು ಸ್ವಾಮಿ? ಚಡ್ಡಿಯೇ ಇದ್ದದ್ದು ಗೇಣುದ್ದ. ಟಿವಿಯಲ್ಲಿ ಬಂದ್ರೆ ನಮ್ಮಮ್ಮ ನಮ್ಮ ಕಣ್ಣು ಮುಚ್ತಿದ್ಲು.

ಕಾರ್ದಿಂಗ್: ಚಡ್ಡಿ ಉದ್ದ ಇದ್ರೆ ಆಟ ದೊಡ್ಡದಾಗತ್ತಾ? ಹಾಗಿದ್ರೆ ಪಾದ್ರಿಗಳೇ ಎಲ್ಲರಿಗಿಂತ ದೊಡ್ಡ ಆಟಗಾರರು!

ಒಳಗೆ ಅಡುಗೆಮನೆಯಲ್ಲಿ ಲಿಗಾಯ ಕಾಫಿ ಸೋಸುತ್ತಿದ್ದವಳು ಕಿಸಕ್ಕನೆ ನಕ್ಕಳು. ಜೆರ್ವಿನ್ ಕೂಡ ನಗಲು ಹೋಗಿ, ನಗಬಹುದೋ ಬಾರದೋ ಗೊತ್ತಾಗದೆ ಕೆಮ್ಮಿದ. ಪೆರ್ಲಿತಾ ಅವನ ಕಡೆ ಕಣ್ಣು ಕೆಕ್ಕರಿಸಿದಳು: ಕೆಮ್ಮಲೂ ಬೇಡ, ಯಾರಾದರೂ ಅಭಿಪ್ರಾಯ ಅಂದುಕೊಂಡಾರು.

ಕಾರ್ದಿಂಗ್: ಮಾತು ಯಾಕೆ, ತೋರಿಸೇಬಿಡ್ತೀನಿ. ಮಗಾ, ನೀನು ತಂದ ಡಬ್ಬಿಯಿಂದ ಬನ್ನು ಕೊಡು ಒಂದು.

ಪೆರ್ಲಿತಾ: ಅದರ ಮುಚ್ಚಳ ತೆಗೀಬಾರ್ದು!

ಕಾರ್ದಿಂಗ್: ತಿನ್ನೋಕಲ್ಲ ಕಣೇ, ಎಸೆಯೋಕೆ. ನೋಡಿ ಬೀಗರೇ, ಎಡಗಾಲು ಹೀಗೆ. ಭುಜ ಹೀಗೆ. ಕುಲಾಸ್ ಇಲ್ಲಿಂದ ಏಳ್ತಿದ್ದ...

ಎದ್ದ. ನಿಜವಾಗಿಯೂ ಎದ್ದ. ಆದರೆ ಇಳಿಯುವಾಗ ಬಲಮಂಡಿ ಬಾಗುವುದಿಲ್ಲ ಅಂತ ಹಟ ಹಿಡಿಯಿತು. ಬನ್ನು ಕೈಜಾರಿ ನೇರ ರೊಡೆಲನ ಎದೆಗೆ ಬಡಿದು, ಅಲ್ಲಿಂದ ಆಂದೊಯ್‌ನ ತೊಡೆಗೆ ಬಿತ್ತು. ಕಾರ್ದಿಂಗ್ ಮೇಜಿನ ಅಂಚು ಹಿಡಿದುಕೊಂಡು "ಅಯ್ಯಯ್ಯೋ ಮಂಡಿ" ಅಂತ ಕೂತ.

ಆಂದೊಯ್: ಗಾಳಿಪಟದ ದಾರ ಹರೀತು!

ಕಾರ್ದಿಂಗ್: ಅರವತ್ನಾಲ್ಕು ವರ್ಷದ ಮಂಡಿ ರೀ ಇದು! ಕುಲಾಸನ ಮಂಡಿ ಅಲ್ಲ.

ಆಂದೊಯ್ (ಬನ್ನು ಮುರಿದು ಬಾಯಿಗೆ ಹಾಕಿಕೊಂಡು, ತಡವಾಗಿ ಹೊಳೆದು): ಛೆ, ತಿಂದುಬಿಟ್ನಲ್ಲ. ಇದು ಲೆಕ್ಕಕ್ಕಿಲ್ಲ. ಹೂಂ ಅಂದ ಹಾಗಲ್ಲ. ಬನ್ನು ಮಾತ್ರ ಬೆಣ್ಣೆ ಇದ್ದ ಹಾಗಿದೆ, ಯಾರು ಮಾಡಿದ್ದು?

ಪೆರ್ಲಿತಾ: ನಮ್ಮ ಜೆರ್ವಿನ್ನೇ!

ಆಂದೊಯ್: ಹೌದಾ. ಇರಲಿ. ಬನ್ನಿನ ಮಾತು ಆಮೇಲೆ. ನಾನೊಂದು ಹೇಳ್ತೀನಿ ಕೇಳಿ ಕಾರ್ದಿಂಗ್, ಆಮೇಲೆ ನಿಮ್ಮ ಬಾಯಿಂದ ಮಾತೇ ಹೊರಡಬಾರದು. ಸಿಡಿಲಿನ ಆ ಎಸೆತ, ಅದನ್ನ ನಾನು ಟಿವಿಯಲ್ಲಿ ನೋಡ್ದೋನಲ್ಲ. ಮನಿಲಾದಲ್ಲಿ, ಅಂಗಣದಲ್ಲಿ, ಈ ಎರಡು ಕಣ್ಣಿಂದ ನೋಡ್ದೋನು. ತೊಂಬತ್ತಾರನೇ ಇಸವಿ, ನವೆಂಬರ್ ಹದಿನೇಳು. ಫೈನಲ್‌ನ ಕೊನೇ ಕ್ಷಣ. ಒಂದು ಪಾಯಿಂಟ್ ಹಿಂದೆ. ಮೂಲೆಯಲ್ಲಿ ಇಬ್ಬರು ರಾಕ್ಷಸರು ಅವನನ್ನ ಅಮುಕಿ ಹಿಡಿದಿದಾರೆ. ಬೀಳ್ತಾ ಇದಾನೆ, ಬೀಳ್ತಾ ಬೀಳ್ತಾ ಎಸೆದ. ಚೆಂಡು ಮೇಲೆ ಹೋಯ್ತು, ಇಡೀ ಜನ ಎದ್ದು ನಿಂತ್ರು, ನನ್ನ ಪಕ್ಕದವನು ನನ್ನ ಕೈ ಕಚ್ಚಿದ, ಯಾರು ಅಂತಲೂ ಗೊತ್ತಿಲ್ಲ ನನಗೆ. ಆಮೇಲೆ ಬಲೆ ಅಲ್ಲಾಡ್ತು. ಅಷ್ಟೇ. ನಾನು ಅತ್ತುಬಿಟ್ಟೆ ಕಾರ್ದಿಂಗ್, ಸಣ್ಣ ಮಗು ಹಾಗೆ ಅತ್ತುಬಿಟ್ಟೆ.

ಅವನ ದನಿ ಈಗಲೂ ಗದ್ಗದವಾಗಿತ್ತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕಪ್ಪೊಂದನ್ನು ಯಾರೋ ಬೇಕಂತಲೇ ಕುಕ್ಕಿದ ಸದ್ದು. ಪೆರ್ಲಿತಾ ಬಾಗಿಲ ಕಡೆ ನೋಡಿದಳು. ಲಿಗಾಯ ಟ್ರೇ ಹಿಡಿದು ನಿಂತಿದ್ದಳು. ಸ್ವಲ್ಪ ಮುಂಚೆ ನಕ್ಕ ಮುಖ ಅದಾಗಿರಲಿಲ್ಲ.

ಆಂದೊಯ್: ಸರಿ. ನಾವು ಹಳಬರು, ನಮ್ಮ ನಮ್ಮ ಹಟ ನಮಗೆ. ಹೊಸ ತಲೆಮಾರು ಏನು ಹೇಳತ್ತೆ ಕೇಳೋಣ. ಏನಪ್ಪ ಜೆರ್ವಿನ್, ಆವಾಗಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯ. ನೀನು ಹೇಳು. ಕುಲಾಸ್ ದೊಡ್ಡೋನಾ, ರೊಡೆಲ್ ದೊಡ್ಡೋನಾ?

ಪೆರ್ಲಿತಾ ಮಗನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಹುಡುಗನಿಗೆ ಪಾಠ ಹೇಳಿಕೊಡದೆ ಇರಲಿಲ್ಲ, ಹೇಳಿಕೊಟ್ಟದ್ದೇ ಹೆಚ್ಚಾಗಿತ್ತು. ಕುಲಾಸ್ ಅಂತ ಹೇಳು ಅಂದಿದ್ದ ಅಪ್ಪ. ನಮ್ಮಪ್ಪನಿಗೆ ಇಷ್ಟವಾದ ರೊಡೆಲ್ ಹೆಸರು ಹೇಳು ಅಂದಿದ್ದಳು ಲಿಗಾಯ. ಇಬ್ಬರೂ ಅವರವರ ಕಾಲಕ್ಕೆ ದೊಡ್ಡವರು ಅಂತ ಹೇಳಿ ಸುಮ್ಮನಾಗು ಅಂದಿದ್ದವಳು ಪೆರ್ಲಿತಾಳೇ. ಮೂರೂ ಪಾಠ ಅವನ ತಲೆಯಲ್ಲಿ ಕಲಸಿಕೊಂಡಿದ್ದವು.

ಜೆರ್ವಿನ್ (ಹಿರಿಯರನ್ನು ಕರೆಯುವ ಗೌರವದ ಮಾಂಗ್ ಸೇರಿಸಿ): ಇಬ್ಬರೂ ಅವರವರ ಕಾಲಕ್ಕೆ ದೊಡ್ಡವರು, ಮಾಂಗ್ ಆಂದೊಯ್.

ಪೆರ್ಲಿತಾ: ಸರಿಯಾಗಿ ಹೇಳ್ದ! ಇನ್ನೇನು, ಊಟ ಮಾಡೋಣ್ವಾ?

ಆಂದೊಯ್: ತಡೀರಮ್ಮ. ಇದು ಚುನಾವಣೆಗೆ ನಿಂತವರು ಹೇಳೋ ಮಾತು. ಯಾವುದರಲ್ಲಿ ದೊಡ್ಡವರು? ಬಿಡಿಸಿ ಹೇಳಪ್ಪ.

ಜೆರ್ವಿನ್ (ಹಣೆ ಒರೆಸಿಕೊಂಡು): ರೊಡೆಲ್ ಅವರು... ಆ ಎತ್ತರ. ಅಷ್ಟು ಎತ್ತರದ ಆಳು ನಮ್ಮಲ್ಲಿ ಇನ್ನೊಬ್ಬ ಹುಟ್ಟಿಲ್ಲ.

ಕಾರ್ದಿಂಗ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಜೆರ್ವಿನ್: ಇನ್ನು ಕುಲಾಸ್ ಅವರು ಅಂದ್ರೆ ಮೂರು ಪಾಯಿಂಟಿನ ಎಸೆತ. ಆ ಗೆರೆಯ ಆಚೆ ನಿಂತು ಎಸೆದ್ರೆ, ಅಬ್ಬಾ.

ಬೀದಿಯಲ್ಲಿ ಐಸ್‌ಕ್ರೀಮ್ ಗಾಡಿಯವನ ಗಂಟೆ ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು.

ಆಂದೊಯ್: ಯಾವ ಗೆರೆ?

ಕಾರ್ದಿಂಗ್: ಯಾವ ಗೆರೆಯೋ, ಯಾವ ಗೆರೆ?

ಆಂದೊಯ್ ಮತ್ತು ಕಾರ್ದಿಂಗ್ (ಒಂದೇ ಉಸಿರಿಗೆ): ಆ ಗೆರೆ ಎಳೆದದ್ದೇ ಕುಲಾಸ್ ಆಟ ಬಿಟ್ಟ ಮೇಲೆ!

ಬಂದಾಗಿನಿಂದ ಇಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಕಣ್ಣಲ್ಲೂ ಒಂದೇ ಸಂಕಟ.

ಆಂದೊಯ್: ಇಂಥವನಿಗೆ ನನ್ನ ಮಗಳನ್ನ ಹೇಗ್ರೀ ಕೊಡ್ಲಿ?

ಕಾರ್ದಿಂಗ್: ಕೊಡಬೇಡಿ! ನಿಮ್ಮ ಜಾಗದಲ್ಲಿ ನಾನಿದ್ರೂ ಕೊಡ್ತಿರಲಿಲ್ಲ!

ಪೆರ್ಲಿತಾ: ರೀ! ನೀವು ಯಾರ ಕಡೆಯವರು?

ಕಾರ್ದಿಂಗ್: ಪೆರ್ಲಿ, ಮೂರು ಪಾಯಿಂಟ್ ಅಂದ ಕಣೇ. ನನ್ನ ರಕ್ತ ಹಂಚಿಕೊಂಡು ಹುಟ್ಟಿದವನು, ನನ್ನ ಜೀಪ್ನಿಯಲ್ಲಿ ಕುಲಾಸನ ಚಿತ್ರದ ಕೆಳಗೆ ಕೂತು ಶಾಲೆಗೆ ಹೋದವನು!

ಆಂದೊಯ್: ನಿಮ್ಮ ನೋವು ನನಗೆ ಅರ್ಥವಾಗತ್ತೆ ಕಾರ್ದಿಂಗ್. ನೀರು ಕುಡೀರಿ.

ಪೆರ್ಲಿತಾಗೆ ಅಳಬೇಕೋ ಇಬ್ಬರ ತಲೆಯನ್ನೂ ಹಿಡಿದು ಕುಟ್ಟಬೇಕೋ ತಿಳಿಯಲಿಲ್ಲ. ಆಗ ಜೆರ್ವಿನ್ ಎದ್ದು ನಿಂತ.

ಜೆರ್ವಿನ್: ಮಾಂಗ್ ಆಂದೊಯ್, ಸುಳ್ಳು ಹೇಳೋಕೆ ಬರಲ್ಲ ನನಗೆ. ಹೇಳೋಕೆ ಹೋಗಿ ಹೀಗಾಯ್ತು. ಬಾಸ್ಕೆಟ್‌ಬಾಲ್ ನನಗೆ ಗೊತ್ತಿಲ್ಲ. ಕೋಳಿ ಕೂಗೋಕೆ ಮುಂಚೆ ಎದ್ದು ಒಲೆ ಹಚ್ಚಬೇಕು. ಆಟ ಶುರುವಾಗೋ ಹೊತ್ತಿಗೆ ನಾನು ಮಲಗಿ ಗೊರಕೆ ಹೊಡೀತಿರ್ತೀನಿ. ಅಪ್ಪ ಎಷ್ಟು ಕೂಗಾಡಿದ್ರೂ ಎಚ್ಚರ ಆಗಲ್ಲ.

ಆಂದೊಯ್ (ಬಾಗಿಲ ಕಡೆ ತಿರುಗಿ): ಲಿಗಾಯ! ಇದು ನಿನಗೆ ಗೊತ್ತಿತ್ತಾ?

ಲಿಗಾಯ: ಗೊತ್ತಿತ್ತು. ಗೊತ್ತಿದ್ದೇ ಒಪ್ಪಿಕೊಂಡೆ.

ಆಂದೊಯ್: ಗೊತ್ತಿದ್ದೂ ಅಲ್ಲ, ಗೊತ್ತಿದ್ದೇ? ನನ್ನ ಮಗಳಾಗಿ?

ಲಿಗಾಯ (ಟ್ರೇ ಮೇಜಿನ ಮೇಲಿಟ್ಟು): ಹೌದಪ್ಪ, ನಿಮ್ಮ ಮಗಳಾಗಿ. ನವೆಂಬರ್ ಹದಿನೇಳು ಅಂದ್ರಲ್ಲ ಈಗ, ಆ ದಿನ ಇನ್ನೇನಾಯ್ತು?

ಆಂದೊಯ್: ಇನ್ನೇನು ಅಂದ್ರೆ... ನೀನು ಹುಟ್ಟಿದೆ. ಮರೆತಿದೀನಾ ನಾನು? ಅದಕ್ಕೇ ಅಲ್ವಾ, ಅಂಥ ಶುಭದಿನ ಇನ್ನೊಂದಿಲ್ಲ ಅಂತ ಎಲ್ಲರಿಗೂ ಹೇಳೋದು?

ಲಿಗಾಯ: ಎಸೆತದ ಕಥೆ ಹೇಳ್ತೀರಿ, ಅಮ್ಮನ ಕಥೆ ಹೇಳಲ್ಲ. ಅಮ್ಮ ಪಕ್ಕದ ಮನೆಯವರ ಮೋಟಾರು ಟ್ರೈಸಿಕಲ್ ಹತ್ತಿ ಒಬ್ಬಳೇ ಆಸ್ಪತ್ರೆಗೆ ಹೋದ್ಲು. ಬಂದವರ ಮುಂದೆ ನೀವು ಆ ಎಸೆತದ ಕಥೆ ಶುರು ಮಾಡಿದಾಗೆಲ್ಲ ಅವಳೂ ನಗ್ತಿದ್ಲು, ಆಮೇಲೆ ಏನೋ ನೆಪ ಮಾಡಿ ಒಳಗೆ ಎದ್ದು ಹೋಗ್ತಿದ್ಲು. ನೀವು ನೋಡಿಲ್ಲ, ನಾನು ನೋಡಿದೀನಿ. (ದನಿ ತಗ್ಗಿಸಿ) ಅಪ್ಪ, ನಿಮ್ಮ ಮೇಲೆ ಕೋಪ ಇಲ್ಲ ನನಗೆ. ಆದ್ರೆ ನನಗೆ ನೋವು ಬಂದಾಗ ಮನೆಯಲ್ಲಿರೋ ಗಂಡ ಬೇಕು.

ಆಂದೊಯ್ ಮೂಲೆಯ ಪುಟ್ಟ ಪೀಠದ ಮೇಲೆ, ಮೇರಿ ಮಾತೆಯ ಪಕ್ಕದಲ್ಲಿ, ತೀರಿಹೋದ ಹೆಂಡತಿ ಲುಮೆನ್‌ಳ ಹೂವು ಏರಿಸಿದ್ದ ಫೋಟೋ ಕಡೆ ನೋಡಿದ. ಅದು ರೊಡೆಲನ ಫೋಟೋದ ಕಾಲುಭಾಗವೂ ಇರಲಿಲ್ಲ. ಪೆರ್ಲಿತಾಗೆ, ತಾನು ಇಷ್ಟು ಹೊತ್ತು ಶಪಿಸುತ್ತಿದ್ದ ಮನುಷ್ಯನ ಬಗ್ಗೆ ಅಯ್ಯೋ ಪಾಪ ಅನ್ನಿಸಿತು.

ಆಂದೊಯ್: ನಾನು ಬರೋ ಹೊತ್ತಿಗೆ ನೀನು ಹುಟ್ಟಿ, ಹಾಲು ಕುಡಿದು, ಮಲಗಿದ್ದೆ ಕಣಮ್ಮ. ಲುಮೆನ್ ಒಂದು ಬೈಗುಳ ಬೈಲಿಲ್ಲ. ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು, "ಗೆದ್ರಾ?" ಅಂತ. ನಾನು, ಪೆದ್ದ, ಹೇಳ್ತಾ ಕೂತೆ. ಮೂಲೆ, ರಾಕ್ಷಸರು, ಬಲೆ... ಎಲ್ಲಾ ಹೇಳ್ದೆ. "ನಿನಗೆ ಎಷ್ಟು ನೋವಾಯ್ತು" ಅಂತ ಅವಳನ್ನ ಕೇಳಲೇ ಇಲ್ಲ.

ಕಾರ್ದಿಂಗ್ ನೆಲ ನೋಡುತ್ತಿದ್ದ. ಅವನಿಗೂ ಯಾವ್ಯಾವುದೋ ಸಂಜೆಗಳು ನೆನಪಾಗುತ್ತಿದ್ದ ಹಾಗಿತ್ತು.

ಕಾರ್ದಿಂಗ್ (ಹೆಂಡತಿಯ ಕಿವಿಯಲ್ಲಿ): ಜೆರ್ವಿನ್ ಹುಟ್ಟಿದಾಗ ನಾನು ಇದ್ದೆ ಅಲ್ವಾ ಪೆರ್ಲಿ?

ಪೆರ್ಲಿತಾ: ಇದ್ರಿ. ಆಸ್ಪತ್ರೆಯ ಕಾವಲುಗಾರನ ರೇಡಿಯೋ ಪಕ್ಕದಲ್ಲಿ.

ಆಂದೊಯ್ ಎದ್ದು ಜೆರ್ವಿನ್‌ನ ಮುಂದೆ ಬಂದು ನಿಂತ. ಅಡಿಯಿಂದ ಮುಡಿವರೆಗೆ ನೋಡಿದ.

ಆಂದೊಯ್: ಫೈನಲ್ ದಿನವೂ ಮಲಗಿರ್ತೀಯಾ?

ಜೆರ್ವಿನ್: ಫೈನಲ್ ಯಾವತ್ತು ಅಂತಲೇ ಗೊತ್ತಾಗಲ್ಲ, ಮಾಂಗ್ ಆಂದೊಯ್.

ಆಂದೊಯ್: ಇವಳು ಎಬ್ಬಿಸಿದ್ರೆ?

ಜೆರ್ವಿನ್: ಇವಳು ಎಬ್ಬಿಸಿದ್ರೆ ಏಳ್ತೀನಿ.

ಆಂದೊಯ್ ತಲೆಯಾಡಿಸಿದ. ಆಮೇಲೆ ಅಂಗೈಯಿಂದ ಕಣ್ಣು ಒರೆಸಿಕೊಂಡು ಕಾರ್ದಿಂಗ್ ಕಡೆ ತಿರುಗಿದ.

ಆಂದೊಯ್: ಏನ್ರೀ, ಹೆಣ್ಣು ಕೇಳೋಕೆ ಬಂದಿರೋ, ಬನ್ನು ಎಸೆಯೋಕೆ ಬಂದಿರೋ? ಕೇಳೋದಿದ್ರೆ ಬೇಗ ಕೇಳಿ.

ಕಾರ್ದಿಂಗ್ ದಡಬಡಿಸಿ ಎದ್ದ. ಮಂಡಿ ನೋವಿಗೆ ಮಲ್ಲಿಗೆಯೂ ಪರಿಮಳವೂ ಬಡ ಗುಡಿಸಲೂ ಎಲ್ಲಾ ಮರೆತುಹೋಗಿದ್ದವು.

ಕಾರ್ದಿಂಗ್: ಕೊಡ್ತೀರಾ?

ಆಂದೊಯ್: ಕೊಟ್ಟೆ. ಕೂತ್ಕೊಳ್ಳಿ ಬೀಗರೇ.

ಪೆರ್ಲಿತಾ ಇನ್ನೊಂದು ಮಾತಿಗೆ ಎಡೆಕೊಡದೆ ಪಾತ್ರೆಯ ಮುಚ್ಚಳ ತೆಗೆದಳು. ಪನ್ಸಿತ್ ಪೂರ್ತಿ ತಣ್ಣಗಾಗಿತ್ತು, ಯಾರೂ ದೂರಲಿಲ್ಲ. ಲಿಗಾಯ ಅಪ್ಪನ ತಟ್ಟೆಗೆ ಮೊದಲು ಬಡಿಸಿದಳು, ಒಂದು ಸೌಟು ಹೆಚ್ಚೇ. ಆಂದೊಯ್ ತಿನ್ನುತ್ತಾ ತಿನ್ನುತ್ತಾ ಒಮ್ಮೆ ಗೋಡೆ ನೋಡಿ, "ಆ ಫೋಟೋ ಅಂಗಡಿಗೆ ತಗೊಂಡು ಹೋಗ್ತೀನಿ. ಇಲ್ಲಿ ನಿಮ್ಮಮ್ಮಂದು ದೊಡ್ಡದು ಮಾಡಿಸಿ ಹಾಕೋಣ" ಅಂದ. ಆ ಮಾತು ಕೇಳಿ ಲಿಗಾಯ ಕಣ್ಣು ಒರೆಸಲು ಬಟ್ಟೆ ಹುಡುಕುತ್ತಾ ಅಡುಗೆಮನೆಗೆ ಓಡಿದಳು.

ಪೆರ್ಲಿತಾ: ದಿನವೂ ಗೊತ್ತು ಮಾಡಿಬಿಡೋಣ. ಪಾದ್ರಿಗಳನ್ನ ವಿಚಾರಿಸಿದೀನಿ. ಜೂನ್ ಎರಡನೇ ಭಾನುವಾರ ಇಗರ್ಜಿ ಖಾಲಿ ಇದೆಯಂತೆ. ಸಂಜೆ ಐದಕ್ಕೆ ಪೂಜೆ, ಆಮೇಲೆ ಊಟ, ಆಮೇಲೆ ಕುಣಿತ. ಮುಗಿಯೋದು ಹತ್ತಾಗತ್ತೆ.

ಕಾರ್ದಿಂಗನ ಫೋರ್ಕು ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಆಂದೊಯ್‌ನದೂ ಅಷ್ಟೇ. ಇಬ್ಬರೂ ನಿಧಾನವಾಗಿ ಕತ್ತು ತಿರುಗಿಸಿ ಒಬ್ಬರನ್ನೊಬ್ಬರು ನೋಡಿದರು. ಜೂನ್ ಎರಡನೇ ಭಾನುವಾರ, ಸಂಜೆ ಆರೂವರೆ, ಫೈನಲ್‌ನ ಕೊನೇ ಆಟ. ಪೆರ್ಲಿತಾ ತಲೆ ಬಗ್ಗಿಸಿ ನೂಡಲ್ಸಿಗೆ ನಿಂಬೆಹಣ್ಣು ಹಿಂಡುತ್ತಿದ್ದಳು. ಇಷ್ಟು ವರ್ಷ ಕಾರ್ದಿಂಗ್ ಜೊತೆ ಸಂಸಾರ ಮಾಡಿದವಳಿಗೆ ಆಟದ ದಿನಗಳೆಲ್ಲ ಬಾಯಿಪಾಠ. ಇಬ್ಬರಲ್ಲಿ ಯಾರು ಬಾಯಿ ಬಿಡುತ್ತಾರೋ ನೋಡೋಣ ಅಂತಲೇ ಕಾಯುತ್ತಿದ್ದಳು.

ಜೆರ್ವಿನ್ (ಇಬ್ಬರ ಮುಖವನ್ನೂ ನೋಡಿ, ಗಾಬರಿಯಿಂದ): ಏನಾಯ್ತು? ಆ ದಿನ ಏನಾದ್ರೂ ಇದೆಯಾ?

ಕಾರ್ದಿಂಗ್ ಮತ್ತು ಆಂದೊಯ್ (ಒಂದೇ ಉಸಿರಿಗೆ): ಏನೂ ಇಲ್ಲಪ್ಪ, ಏನೂ ಇಲ್ಲ!